ಯಗಚಿಯ ಸುಳಿಗೆ ತೆಂಗಿನ ಮದ್ದು

ಬೆಳಗಿನ ಆರು ಗಂಟೆ. ಬೇಲೂರಿನ ಯಗಚಿ ಸೇತುವೆಯ ಮೇಲೆ ಉಗ್ರಪ್ಪ ಗೋಣಿಚೀಲದ ಗೊಪ್ಪೆ ಹೊದ್ದು ನಿಂತಿದ್ದಾರೆ. ಕಿವಿಗೆ ಹೆಡ್‌ಫೋನು. ತಂತಿಗೆ ಕಟ್ಟಿ ಹೊಳೆಗೆ ಇಳಿಬಿಟ್ಟ ಪುಟ್ಟ ಬಟ್ಟಲುಗಳ ಚಕ್ರ ನೀರಿನ ರಭಸಕ್ಕೆ ತಿರುಗುತ್ತದೆ; ಸುತ್ತಿಗೊಂದು ‘ಟಿಕ್’ ಸದ್ದು. ನೀರಿನ ವೇಗ ತಿಳಿಯಲು ನಿಮಿಷಕ್ಕೆ ಎಷ್ಟು ಟಿಕ್ ಎಂದು ಎಣಿಸಿ ಬರೆದರೆ ಕೆಲಸ ಮುಗಿಯಿತು. ದಿನಕ್ಕೆ ಮೂರು ಸಲ, ಪ್ರತಿ ಸಲ ಸೇತುವೆಯುದ್ದಕ್ಕೂ ಹದಿನಾಲ್ಕು ಕಡೆ, ಹನ್ನೊಂದು ವರ್ಷದಿಂದ. ನೀರಾವರಿ ಇಲಾಖೆಯಲ್ಲಿ ಇವತ್ತಿಗೂ ದಿನಗೂಲಿಯೇ.

ಆದರೆ ಉಗ್ರಪ್ಪ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. “ಒಂದೇ ಸಮ ಬಡ್ಕಂತಿರ್ತದೆ. ಇದ್ದಕ್ಕಿದ್ದಂಗೆ ಮೈಮೇಲೆ ಬಂದೋರಂಗೆ ಓಡ್ತದೆ, ಆಮೇಲೆ ಸುಮ್ಕಾಯ್ತದೆ. ಒಟ್ಟು ಲೆಕ್ಕ ಒಂದೇ ಬತ್ತದೆ, ನೀರು ಮಾತ್ರ ಒಂದೇ ಥರ ಇರಲ್ಲ ಕಣ್ರೀ” ಎನ್ನುತ್ತಾರೆ. ಹಾಗೆ ಓಡಿದಾಗಲೆಲ್ಲ ಪುಸ್ತಕದ ಅಂಚಿನಲ್ಲಿ ಗಳಿಗೆ ಗುರುತಿಸಿ ‘ಸುಳಿ’ ಎಂದು ಬರೆಯುತ್ತಾರೆ. ಬರೆ ಎಂದು ಯಾರೂ ಹೇಳಿರಲಿಲ್ಲ. ವರ್ಷ ಮುಗಿದಾಗ ಪುಸ್ತಕ ಇಲಾಖೆಗೆ ಹೋಗುತ್ತದೆ.

ಅದನ್ನು ಕೇಳಿಕೊಂಡು ಬಂದವರು ಹೇಮಲತಾ. ಬೆಂಗಳೂರಿನಲ್ಲಿ ಪ್ರಕ್ಷುಬ್ಧ ಹರಿವಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದಾರೆ. “ಎಷ್ಟೋ ವರ್ಷ ಸರಾಸರಿಯನ್ನೇ ನೋಡ್ತಾ ಕೂತಿದ್ವಿ. ಹರಿವಿನ ಗುಟ್ಟು ಇರೋದು ಅಪರೂಪಕ್ಕೆ ಬರೋ ಈ ಹುಚ್ಚು ಎಳೆತಗಳಲ್ಲಿ, ಅವು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬರ್ತವೆ ಅಂತ ಈಗೀಗ ಗೊತ್ತಾಗ್ತಿದೆ. ಒಂದು ಹೊಳೇಲಿ ಅವನ್ನ ಇಷ್ಟು ವರ್ಷ ಗುರುತು ಹಾಕಿದೋರನ್ನ ನಾನಂತೂ ಕಂಡಿಲ್ಲ” ಎಂದರು. ಮೇಲ್ಗಡೆ ಅಣೆಕಟ್ಟು ಏಳುತ್ತಿದೆ. ಗೇಟು ಬಿದ್ದ ಮೇಲೆ ಈ ಹರಿವು ಇರುವುದಿಲ್ಲ. ಹಳೆಯ ಪುಸ್ತಕಗಳೇ ಗತಿ.

ಅವನ್ನು ಹುಡುಕಿಕೊಂಡು ಅವರಿಬ್ಬರ ಜೊತೆ, ಪತ್ರಿಕೆಗೆ ಬರೆಯಲು ಬಂದಿದ್ದ ನಾನೂ ಅರಸೀಕೆರೆ ಕಡೆ ಹೋದೆ. ತೆಂಗಿನ ಸೀಮೆಯಲ್ಲಿ ಸುಳಿ ಎಂದರೆ ಮರದ ನೆತ್ತಿಯ ಎಳೆಗರಿ. ಇಲಾಖೆಯ ಯಾರೋ ಗುಮಾಸ್ತರು ಸುಳಿಕೊಳೆ ರೋಗದ ವರದಿ ಎಂದುಕೊಂಡು, ವರ್ಷವರ್ಷವೂ ಪುಸ್ತಕಗಳನ್ನು ಅಲ್ಲಿನ ತೆಂಗಿನ ರೋಗ ನೋಡುವ ಕಚೇರಿಗೆ ದಾಟಿಸಿದ್ದರು. ಅಲ್ಲಿಂದ ಅವೆಲ್ಲ ರದ್ದಿಗೆ ಹೋಗಿ ಉಳಿದದ್ದು ಒಂದೇ ಒಂದು. ತೆರೆದು ನೋಡಿದರೆ ಪ್ರತಿ ‘ಸುಳಿ’ಯ ಕೆಳಗೂ ಕೆಂಪು ಶಾಯಿಯ ಷರಾ: ‘ಬೋರ್ಡೋ ದ್ರಾವಣ ಸಿಂಪಡಿಸುವುದು.’

ಹರಿಯುವ ಹೊಳೆಗೆ ಔಷಧಿ ಹೊಡೆಯಲು ಹೇಳಿದ್ದಾರೆ! ಒಬ್ಬ ಮನುಷ್ಯ ಹತ್ತು ವರ್ಷ ಕಿವಿಗೊಟ್ಟು ಕೇಳಿದ್ದು ಕಡಲೆಕಾಯಿ ಪೊಟ್ಟಣವಾಗಿ ಹೋಗಿದೆ; ಆ ಸಿಟ್ಟು ನನಗೆ ಇನ್ನೂ ಆರಿಲ್ಲ.

ಉಗ್ರಪ್ಪ ಆ ಕೆಂಪು ಷರಾವನ್ನು ಓದಿದರು. ಆಮೇಲೆ ಪುಸ್ತಕ ಮಡಿಚಿ ಹೇಮಲತಾ ಅವರ ಕೈಗಿಟ್ಟರು.

“ಅಣೆಕಟ್ಟು ಮುಗಿಯಾಕೆ ಇನ್ನೊಂದು ಮಳೆಗಾಲ ಐತೆ, ಮೇಡಂ. ಮೂರು ಸಲ ಅಲ್ಲ, ಆರು ಸಲ ಚಕ್ರ ಇಳಿಬಿಡ್ತೀನಿ” ಎಂದರು. “ಈ ಸಲ ‘ನೀರಿನ ಸುಳಿ’ ಅಂತ್ಲೇ ಬರೀತೀನಿ.”