ರ‍್ಯಾಮಿಗೆ ಹಚ್ಚಿದ ಗಂಧ

ಮಾಂಬಲಂ ಸ್ಟೇಷನ್ನಿನ ಪಶ್ಚಿಮದ ಕಡೆ ಇಳಿದು, ಹೂವಿನ ಬುಟ್ಟಿ, ತರಕಾರಿ ಗಾಡಿಗಳನ್ನು ದಾಟಿಕೊಂಡು ಬಂದರೆ ಸಿಗುವ ಆ ಸಣ್ಣ ಬೀದಿಯಲ್ಲಿ ಮಧುಸೂದನನ ಕೈಲಿ ಬೈಸಿಕೊಳ್ಳದ ಮನೆಯೇ ಇರಲಿಲ್ಲ. ಕಂಪ್ಯೂಟರ್ ಕೆಟ್ಟರೆ ಅವನನ್ನು ಕರೆಯಬೇಕು. ಬಂದ ಕೂಡಲೇ ಅವನು ಡಬ್ಬ ಬಿಚ್ಚಿ ಬೈಯುತ್ತಾನೆ. "ಫ್ಯಾನಿನ ಮೇಲೆ ಇಷ್ಟು ಧೂಳು ಕೂತಿದೆಯಲ್ಲ, ಈ ಮನೇಲಿ ಯಾರೂ ಕಸಾನೇ ಗುಡಿಸಲ್ವೇನ್ರೀ?" ಮನೆಯೊಡತಿ ನಕ್ಕು ಕಾಫಿ ತರುತ್ತಾಳೆ. ಕಾಫಿ ಕುಡಿದಾದ ಮೇಲೆ ರಿಪೇರಿ. ಬೈದದ್ದಕ್ಕೆ ಯಾರೂ ಬೇಜಾರು ಮಾಡಿಕೊಂಡಿದ್ದಿಲ್ಲ. ಅವನು ಬೈಯದೆ ಸುಮ್ಮನೆ ನೋಡಿದರೆ ಮಾತ್ರ ಕಂಪ್ಯೂಟರಿನ ಕಥೆ ಮುಗಿಯಿತು ಅಂತ ಎಲ್ಲರಿಗೂ ಗೊತ್ತಿತ್ತು.

ಅಪ್ಪ ರೈಲ್ವೆ ಕೆಲಸಕ್ಕೆಂದು ಮೈಸೂರು ಬಿಟ್ಟು ಬಂದವರು. ಮಗ ಇಲ್ಲೇ ಹುಟ್ಟಿ, ಇಲ್ಲೇ ಬ್ಯಾಂಕಿನ ಗುಮಾಸ್ತನಾಗಿ, ಇಲ್ಲೇ ನಿವೃತ್ತನಾದ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಸಿಟ್ಟು ಬಂದರೆ ಎರಡೂ. ಬ್ಯಾಂಕಿಗೆ ಮೊದಮೊದಲು ಕಂಪ್ಯೂಟರ್ ಬಂದಾಗ ಉಳಿದವರೆಲ್ಲ ಅದನ್ನು ಮುಟ್ಟಲು ಹೆದರಿದರೆ, ಇವನು ಸ್ಕ್ರೂಡ್ರೈವರ್ ತಂದು ಒಳಗೇನಿದೆ ಅಂತ ನೋಡಿದ. ಆ ಚಪಲ ಆಮೇಲೆ ಬಿಡಲೇ ಇಲ್ಲ. ಪ್ಯಾರೀಸ್ ಕಾರ್ನರಿನ ಬಟ್ಟೆ ಅಂಗಡಿಯವರೂ ಕರೆಯುತ್ತಿದ್ದರು, ಕಾಸಿಮೇಡಿನ ಮೀನಿನ ವ್ಯಾಪಾರಿಯೊಬ್ಬನೂ ಕರೆಯುತ್ತಿದ್ದ. ಆ ವ್ಯಾಪಾರಿಯ ಕಂಪ್ಯೂಟರಿನ ಸ್ಕ್ರೂಗಳೆಲ್ಲ ಉಪ್ಪುಗಾಳಿಗೆ ತುಕ್ಕು ಹಿಡಿದು ಕೂತಿದ್ದವು. "ಇದನ್ನೂ ಮೀನಿನ ಜೊತೆ ಬಿಸಿಲಿಗೆ ಹರಡಿಬಿಡು" ಎಂದು ಬೈದು, ತಾನೇ ಹೊತ್ತುಕೊಂಡು ಹೋಗಿ ಒಳಕೋಣೆಯಲ್ಲಿಟ್ಟು ಬಂದ. ಆ ಪ್ರೀತಿಗೆ ವ್ಯಾಪಾರಿ ಆಗಾಗ ವಂಜರ ಮೀನು ಕಳಿಸುತ್ತಿದ್ದ. ಊರಿಗೆಲ್ಲ ಬೈಯುವ ಗಂಡಸಿಗೆ, ನಮ್ಮನೇಲಿ ಮೀನು ತಿನ್ನಲ್ಲಪ್ಪಾ ಎಂದು ಹೇಳಲು ಮಾತ್ರ ದಾಕ್ಷಿಣ್ಯ. ಹೆಂಡತಿ ಉಷಾ ಮೂಗು ಮುಚ್ಚಿಕೊಂಡು ಅದನ್ನು ವಾಚ್‌ಮನ್ ಮನೆಗೆ ದಾಟಿಸುತ್ತಿದ್ದಳು.

ಇಂಥ ಮನುಷ್ಯನಿಗೆ ಯುಗಾದಿ ಕಳೆದ ವಾರ ಸ್ಟ್ರೋಕ್ ಆಯಿತು. ದೊಡ್ಡದಲ್ಲ, ಸದ್ಯ ದೇವರು ದೊಡ್ಡವನು. ಮಾತು ಬೇಗ ಸರಿಹೋಯಿತು, ಕಾಲೂ ಸರಿಹೋಯಿತು. ಬಲಗೈ ಮಾತ್ರ ಹಿಂದೆ ಬಿತ್ತು. ಬೆರಳುಗಳು ಅಲ್ಲಾಡುತ್ತಿದ್ದವು, ಹಿಡಿತವಿರಲಿಲ್ಲ. "ಕೈಗೆ ಕೆಲಸ ಕೊಡಿ ಸಾರ್, ಕೆಲಸ ಕೊಟ್ಟರೆ ಬರುತ್ತೆ, ಸುಮ್ಮನೆ ಮಡಿಲಲ್ಲಿ ಇಟ್ಟುಕೊಂಡರೆ ಹಾಗೇ ಉಳಿದುಬಿಡುತ್ತೆ" ಎಂದರು ಡಾಕ್ಟರು. ಹಿಸುಕಲಿಕ್ಕೆ ಒಂದು ಮೆತ್ತನೆಯ ಚೆಂಡನ್ನೂ ಕೊಟ್ಟರು. ಮಧುಸೂದನ ಎರಡು ದಿನ ಹಿಸುಕಿ, ಇದೇನು ಮಕ್ಕಳಾಟ ಎಂದು ಮೂಲೆಗಿಟ್ಟ.

ಕೈಗಿಂತ ಹೆಚ್ಚಾಗಿ ಉಷಾಳನ್ನು ಹೆದರಿಸಿದ್ದು ಬೇರೆಯೇ. ಗಂಡ ಮರ್ಯಾದಸ್ಥನಾಗಿಬಿಟ್ಟಿದ್ದ. ಕಾಫಿ ಆರಿಹೋಗಿದ್ದರೂ "ಚೆನ್ನಾಗಿದೆ" ಎನ್ನುತ್ತಿದ್ದ. ಸಾರಿಗೆ ಉಪ್ಪು ಮರೆತ ದಿನವೂ ಸುಮ್ಮನೆ ಉಂಡೆದ್ದ. ಮೂವತ್ತು ವರ್ಷ ಅವನ ಬಾಯಿಗೆ ಬೇಸತ್ತು, ಈ ಮನುಷ್ಯನ ನಾಲಗೆ ಒಂದು ದಿನವಾದರೂ ಸುಮ್ಮನಿರಬಾರದೇ ಎಂದು ಹರಸಿಕೊಂಡವಳೇ ಅವಳು. ಈಗ ಅದು ಸುಮ್ಮನಾದರೆ ಅವಳಿಗೇ ತಡೆಯಲಾಗುತ್ತಿರಲಿಲ್ಲ.

ಒಂದು ದಿನ ಕೆಳಗಿನ ಮನೆಯ ಜಾನಕಮ್ಮ ಮೆಟ್ಟಿಲು ಹತ್ತಿ ಬಂದರು. "ಮಧು, ನಮ್ಮ ಸಿಸ್ಟಂ ಆನ್ ಆಗ್ತಾನೇ ಇಲ್ಲಪ್ಪಾ. ಕೊಂಚ ಬಂದು ನೋಡಿಕೊಡು."

"ಯಾವುದಾದರೂ ಸರ್ವೀಸ್ ಅಂಗಡಿಗೆ ಕೊಟ್ಟುಬಿಡಿ ಅಮ್ಮಾ. ಚೆನ್ನಾಗಿ ಮಾಡಿಕೊಡ್ತಾರೆ" ಎಂದ ಮಧುಸೂದನ, ಕೈಮುಗಿಯುವಷ್ಟು ವಿನಯದಿಂದ.

ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ಉಷಾ ಸೌಟು ಹಿಡಿದು ಹಾಗೇ ನಿಂತಳು. ಸರ್ವೀಸ್ ಅಂಗಡಿಯವರೆಲ್ಲ ಹಗಲುಗಳ್ಳರು ಅಂತ ಬೀದಿಗೆಲ್ಲ ಸಾರಿಕೊಂಡು ಬಂದ ಬಾಯಿಂದ ಬಂದ ಮಾತಾ ಇದು! ಸಾಸಿವೆ ಸೀದುಹೋಯಿತು. ಇವರನ್ನು ಹೀಗೇ ಬಿಟ್ಟರೆ ಕೈಯೂ ಬರಲ್ಲ, ಇವರೂ ವಾಪಸು ಬರಲ್ಲ ಎಂದು ಅವಳಿಗೆ ಆಗಲೇ ಖಾತ್ರಿಯಾಯಿತು.

ಮನೆಯ ಹಳೇ ಕಂಪ್ಯೂಟರ್ ಹಾಲಿನ ಮೂಲೆಯಲ್ಲಿ ತೆವಳುತ್ತಾ ಬದುಕಿತ್ತು. ಆನ್ ಮಾಡಿ, ಸ್ನಾನ ಮುಗಿಸಿ ಬಂದರೂ ಅದು ಇನ್ನೂ ಕಣ್ಣು ಬಿಡುತ್ತಿರುತ್ತಿತ್ತು. ಅದನ್ನೇ ಗಂಡನ ಕೈಲಿ ಸರಿಮಾಡಿಸೋಣ ಎಂದು ಉಷಾ ಹೊರಟರೆ, "ಅಮ್ಮಾ, ವಿಡುಮ್ಮಾ" ಎಂದಳು ಮಗಳು ನೇಹಾ, ಬಿಟ್ಟುಬಿಡಮ್ಮಾ ಅಂತ. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಯಾವಾಗಲೂ ತಮಿಳಿನಲ್ಲೇ. ಇದನ್ನು ತೂಕಕ್ಕೆ ಹಾಕಿ ಹೊಸ ಲ್ಯಾಪ್‌ಟಾಪ್ ತಗೊಳ್ಳೋಣ ಎಂಬುದು ಅವಳ ಮಾತು.

"ಹೊಸದು ಬಂದರೆ ನಿಮ್ಮಪ್ಪನಿಗೆ ಬಿಚ್ಚೋಕೆ ಏನೇ ಇರುತ್ತೆ?" ಎಂದಳು ಉಷಾ.

ಗಂಡನ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತು ನಿಂತು ಅವಳಿಗೂ ಒಂದಿಷ್ಟು ಗೊತ್ತಿತ್ತು. ಕಂಪ್ಯೂಟರ್ ಮಾಡುತ್ತಿರುವ ಕೆಲಸವನ್ನೆಲ್ಲ ಆ ಹೊತ್ತಿಗೆ ನೆನಪಿಟ್ಟುಕೊಳ್ಳುವುದು ರ‍್ಯಾಮ್ ಎಂಬ ಹಸಿರು ಪಟ್ಟಿ, ಅದು ಸಾಲದಾದರೆ ಯಂತ್ರ ಹೀಗೆ ತೆವಳುತ್ತದೆ. ಒಂದು ಮಧ್ಯಾಹ್ನ ಗಂಡ ಮಲಗಿದ್ದಾಗ ಅವಳೇ ಆ ಪಟ್ಟಿಯನ್ನು ಕಿತ್ತು, ಕರವಸ್ತ್ರದಲ್ಲಿ ಸುತ್ತಿಕೊಂಡು, ಕಂಪ್ಯೂಟರ್ ಸಾಮಾನು ಸಿಗುವ ರಿಚಿ ಸ್ಟ್ರೀಟಿಗೆ ಹೋದಳು. ಸೀರೆಗೆ ಮ್ಯಾಚಿಂಗ್ ಬ್ಲೌಸ್ ಪೀಸ್ ಹುಡುಕುವ ಹಾಗೆ ಅಂಗಡಿಯವನ ಮುಂದೆ ಬಿಚ್ಚಿಟ್ಟು, ಇದರ ಜೋಡಿ, ಇದಕ್ಕಿಂತ ಹೆಚ್ಚು ನೆನಪಿರೋದು ಕೊಡಿ ಎಂದಳು. ಮನೆಗೆ ಬಂದು ಹಳೆಯದನ್ನು ಇದ್ದ ಜಾಗದಲ್ಲಿ ಕೂರಿಸಿ, ಹೊಸದನ್ನು ಗಂಡನ ಮುಂದಿಟ್ಟಳು. "ಹಾಕಿಕೊಡ್ರೀ."

"ಆಮೇಲೆ ನೋಡೋಣ" ಎಂದ ಮಧುಸೂದನ. ಪೊಟ್ಟಣ ಟೀವಿಯ ಪಕ್ಕ ಕೂತು ನವರಾತ್ರಿಯನ್ನೇ ಕಂಡಿತು.

ಆಯುಧಪೂಜೆಯ ದಿನ ಸ್ಕ್ರೂಡ್ರೈವರುಗಳನ್ನೆಲ್ಲ ಒರೆಸಿ ಜೋಡಿಸಿ, ಕಂಪ್ಯೂಟರಿಗೆ ಹೂವೇರಿಸಿ ಪೂಜೆ ಮಾಡುವುದು ಪ್ರತಿವರ್ಷ ಮಧುಸೂದನನೇ. "ಹೊರಗೆ ಕಾಣೋದು ಬರೀ ಡಬ್ಬ ಕಣೇ, ಆಯುಧ ಇರೋದು ಒಳಗೆ" ಎಂದು ವರ್ಷವೂ ಅದೇ ಜಂಬದ ಮಾತು. ಈ ಸಲ ಮಾತ್ರ, "ನೀನೇ ಮಾಡಿಬಿಡು ಉಷಾ" ಎಂದು ಬಾಲ್ಕನಿಯ ಕುರ್ಚಿಗೆ ಹೋಗಿ ಕೂತ.

ಸರಿ, ಅವಳೇ ಮಾಡಿದಳು. ರೇಷ್ಮೆ ಸೀರೆಯುಟ್ಟು, ಸಾಣೆಕಲ್ಲಿನ ಮೇಲೆ ಗಂಧ ತೇದು, ಬೀದಿಯಲ್ಲಿ ಎಲ್ಲರೂ ಕುಂಬಳಕಾಯಿ ಒಡೆಯುತ್ತಿದ್ದಾಗ ಇವಳು ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿದಳು. ಆಯುಧ ಒಳಗಿರುವಾಗ ಡಬ್ಬಕ್ಕೆ ಕುಂಕುಮ ಹಚ್ಚಿದರೆ ಬಂದ ಭಾಗ್ಯವೇನು? ಹೊಸ ಪಟ್ಟಿಯನ್ನು ಪೊಟ್ಟಣದಿಂದ ತೆಗೆದು ನೋಡಿದಳು. ಒಂದು ಅಂಚಿನುದ್ದಕ್ಕೂ ಚಿನ್ನದ ಬಣ್ಣದ ಸಣ್ಣ ಹಲ್ಲುಗಳು ಮಿರಮಿರ ಮಿಂಚುತ್ತಿದ್ದವು. ಚಿನ್ನ ಎಂದಮೇಲೆ ಲಕ್ಷ್ಮಿಯೇ ಅಲ್ಲವೇ! ಅಲ್ಲಿಗೇ ಧಾರಾಳವಾಗಿ ಗಂಧ ಬಳಿದು, ಮೇಲೆ ಕುಂಕುಮವಿಟ್ಟಳು. ಹಳೆಯದು ಸಪ್ಪೆ ಮೋರೆ ಹಾಕಿಕೊಂಡು ಕೂತಿದ್ದಂತೆ ಕಂಡಿತು. ಪಾಪ, ಇಷ್ಟು ವರ್ಷ ದುಡಿದದ್ದು ಅದೇ ತಾನೇ ಎಂದು ಅದನ್ನೂ ಕಿತ್ತು, ಅದಕ್ಕೂ ಹಚ್ಚಿದಳು. ಎರಡನ್ನೂ ಗೂಡಿನಲ್ಲಿಟ್ಟು ಎರಡು ತುದಿಗೂ ಹೆಬ್ಬೆರಳು ಒತ್ತಿದಳು. ಎರಡೂ ಕಡೆ ಟಕ್, ಟಕ್ ಎಂದು ಕ್ಲಿಪ್ಪು ಬೀಳಬೇಕೆಂಬುದು ಅವಳಿಗೆ ಗೊತ್ತಿತ್ತು. ಬಿತ್ತು. ಪೂಜೆಗಿಟ್ಟ ಆಯುಧವನ್ನು ಆ ದಿನ ಬಳಸುವಂತಿಲ್ಲವಾದ್ದರಿಂದ ಮುಚ್ಚಳ ಹಾಕಿ ಎದ್ದಳು.

ವಿಜಯದಶಮಿಯ ಬೆಳಿಗ್ಗೆ ಮತ್ತೆ ಪೂಜೆ ಮಾಡಿ, ಆರತಿ ಎತ್ತಿ, ಸ್ವಿಚ್ ಹಾಕಿದಳು. ಫ್ಯಾನು ತಿರುಗಿತು. ಪರದೆ ಕರ‍್ರಗೇ ಉಳಿಯಿತು. ಒಳಗಿಂದ ಬೀ...ಪ್, ಬೀ...ಪ್ ಎಂದು ಉದ್ದನೆಯ ಕೂಗು ಶುರುವಾಯಿತು.

"ಪೋಚ್ಚು" ಎಂದಳು ನೇಹಾ. ಹೋಯಿತು ಅಂತ.

ಉಷಾ ಸ್ವಿಚ್ ಆರಿಸುವುದನ್ನೂ ಮರೆತು ಅದನ್ನೇ ನೋಡಿದಳು. ಗಂಡನನ್ನು ಎಬ್ಬಿಸಿ ಕೂರಿಸಲು ಅವಳಿಗಿದ್ದದ್ದು ಇದೊಂದೇ ದಾರಿ. ಅದನ್ನೂ ತನ್ನ ಕೈಯಾರೆ ಕೊಂದುಬಿಟ್ಟೆನಲ್ಲ ದೇವರೇ! ಈಗ ಇವರು "ಹೋಗಲಿ ಬಿಡು, ಎಸೆದುಬಿಡೋಣ" ಎಂದು ಅದೇ ವಿನಯದಲ್ಲಿ ಹೇಳಿಬಿಟ್ಟರೆ?

ಬಾಲ್ಕನಿಯಿಂದ ದನಿ ಬಂತು. "ಅದು ಮೆಮೊರಿ ಸಿಕ್ತಾ ಇಲ್ಲ ಅನ್ನೋ ಬೀಪು. ಆಫ್ ಮಾಡು." ಹಿಂದೆಯೇ ಮನುಷ್ಯನೂ ಬಂದ. "ಏನು ಮಾಡಿದೆ?"

"ಪೂಜೆ."

"ಯಾವುದಕ್ಕೆ?"

"ಒಳಗಿರೋದಕ್ಕೆ. ಆಯುಧ ಒಳಗಿದೆ ಅಂತ ನೀವೇ ತಾನೇ ಹೇಳೋದು?"

ಮಧುಸೂದನ ಮುಚ್ಚಳ ಸರಿಸಿ ಬಗ್ಗಿ ನೋಡಿದ. ರ‍್ಯಾಮಿನ ಗೂಡಿನ ಅಂಚಿನಲ್ಲಿ ಗಂಧ ಒಣಗಿ ಬಿರುಕು ಬಿಟ್ಟಿತ್ತು, ಹಸಿರು ಬೋರ್ಡಿನ ತುಂಬ ಕುಂಕುಮ ಉದುರಿತ್ತು. ಅವನು ಮುಚ್ಚಳವನ್ನು ನೆಲಕ್ಕೆ ಕುಕ್ಕಿದ. ಆಮೇಲೆ ಸ್ಫೋಟವಾಯಿತು.

"ನಿನ್ನ ತಲೆ ನೆಟ್ಟಗಿದೆಯೇನೇ? ಗೋಲ್ಡ್ ಪಿನ್ನಿಗೆ ಗಂಧ ಮೆತ್ತಿದೀಯಲ್ಲೇ! ಅದೇನು ಮದುವೆ ಹೆಣ್ಣಾ? ಕರೆಂಟು ಹರಿಯೋ ಜಾಗ ಕಣೇ ಅದು! ರೇಷ್ಮೆ ಸೀರೆ ಬೇರೆ ಉಟ್ಟುಕೊಂಡು ಮುಟ್ಟಿದೀಯಾ, ಸ್ಟ್ಯಾಟಿಕ್ ಹೊಡೆದು ಸತ್ತೇ ಹೋಗ್ತಿತ್ತಲ್ಲ! ಅಯ್ಯೋ ಕಡವುಳೇ, ಒಂದಕ್ಕಲ್ಲ, ಎರಡಕ್ಕೂ ಹಚ್ಚಿದಾಳಪ್ಪಾ ಮಹಾತಾಯಿ!"

ಕೆಳಗೆ ಜಾನಕಮ್ಮನ ಮನೆಯ ಕಿಟಕಿ ಧಡಾರನೆ ತೆರೆದ ಸದ್ದಾಯಿತು. ಉಷಾ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಮಧುಸೂದನ ಗಾಬರಿಯಾದ. "ಏ, ಅಳ್ತೀಯಾ ಯಾಕೆ? ಸುಟ್ಟಿಲ್ಲ ಬಿಡು, ಕ್ಲೀನ್ ಮಾಡಿದರೆ ಸರಿಹೋಗುತ್ತೆ."

"ಅದಕ್ಕಲ್ಲ. ಇನ್ನೂ ಸ್ವಲ್ಪ ಬೈಯಿರೀ" ಎಂದಳು ಉಷಾ, ಅಳುತ್ತಲೇ ನಗುತ್ತಾ.

ಅವನಿಗೆ ಅರ್ಥವಾಯಿತೋ ಇಲ್ಲವೋ, ಬೈಯುವುದನ್ನಂತೂ ನಿಲ್ಲಿಸಲಿಲ್ಲ. ಪ್ಲಗ್ ಕೀಳಿಸಿದ. ಮೊದಲು ಕಬ್ಬಿಣದ ಚೌಕಟ್ಟು ಮುಟ್ಟು, ಆಮೇಲೆ ಪಟ್ಟಿ ಮುಟ್ಟು ಎಂದು ಗದರಿದ. ನೇಹಾಳ ಪೆನ್ಸಿಲ್ ಡಬ್ಬಿಯಿಂದ ರಬ್ಬರ್, ತನ್ನ ಟೂಲ್ ಪೆಟ್ಟಿಗೆಯಿಂದ ಸರ್ಕ್ಯೂಟ್ ಒರೆಸುವ ಸ್ಪಿರಿಟ್, ಪೇಂಟಿಂಗಿನ ಮೆತ್ತನೆ ಬ್ರಷ್ ತರಿಸಿದ. ಗೂಡಿನೊಳಗಿನ ಪುಡಿಯನ್ನೆಲ್ಲ ನೇಹಾ ಬ್ರಷ್ಷಿನಿಂದ ಎತ್ತಿದಳು. ಉಷಾ ಕಣ್ಣೊರೆಸಿಕೊಂಡು, ಚಿನ್ನದ ಹಲ್ಲುಗಳ ಮೇಲೆ ರಬ್ಬರ್ ಹಾಕಿ ಉಜ್ಜತೊಡಗಿದಳು.

"ಅದೇನು ಪಂಚಪಾತ್ರೆ ತೊಳೀತಾ ಇದೀಯಾ? ಮೆಲ್ಲಗೆ! ಒಂದೇ ದಿಕ್ಕಿಗೆ! ಅಯ್ಯೋ, ಕೊಡಿಲ್ಲಿ!"

ಕಿತ್ತುಕೊಂಡದ್ದು ಬಲಗೈಯಲ್ಲಿ. ಅವನು ಅದನ್ನು ಗಮನಿಸಲಿಲ್ಲ, ಉಷಾ ಗಮನಿಸಿದಳು. ನೇಹಾ ಬಾಯಿ ತೆರೆಯಹೊರಟಾಗ ಅವಳ ಕೈಯನ್ನು ಚಿವುಟಿದಳು. ರಬ್ಬರ್ ಅವನ ಬೆರಳಿಂದ ಜಾರಿ ನೆಲಕ್ಕೆ ಬಿತ್ತು, ಎತ್ತಿಕೊಂಡ. ಮತ್ತೆ ಬಿತ್ತು, ಬೈದು ಎತ್ತಿಕೊಂಡ. ನಿಧಾನವಾಗಿ ಉಜ್ಜಿ, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿದ. "ಮೊದಲು ಒಂದನ್ನೇ ಹಾಕೋಣ. ಅದು ಬಂದರೆ ಇನ್ನೊಂದು."

ಕುರ್ಚಿಯಲ್ಲಿ ಕೂತು, ಹೊಸ ಪಟ್ಟಿಯನ್ನು ಗೂಡಿನಲ್ಲಿ ನಿಲ್ಲಿಸಿ ಎರಡೂ ಹೆಬ್ಬೆರಳು ಒತ್ತಿದ. ಎಡಗಡೆ ಟಕ್ ಎಂದಿತು. ಬಲಗಡೆ ಸದ್ದಿಲ್ಲ. ತೆಗೆದು ಮತ್ತೆ ಇಟ್ಟ. ಎಡಗಡೆ ಟಕ್. ಬಲ ಹೆಬ್ಬೆರಳು ನಡುಗಿತೇ ಹೊರತು ಪಟ್ಟಿ ಇಳಿಯಲಿಲ್ಲ. ಇನ್ನೊಂದು ಸಲ ಒತ್ತಿದ. ಹಣೆಯಲ್ಲಿ ಬೆವರು ಮೂಡಿತು. ಅವನ ಮುಖದಿಂದ ಸಿಟ್ಟು ಇಳಿದುಹೋಗುವುದನ್ನು ಉಷಾ ಕಣ್ಣಾರೆ ಕಂಡಳು. ಅವನು ಪಟ್ಟಿಯನ್ನು ತೆಗೆದು ಬಟ್ಟೆಯ ಮೇಲಿಟ್ಟು ಕುರ್ಚಿಗೊರಗಿದ.

"ನನ್ನ ಕೈಲಾಗಲ್ಲ ಉಷಾ. ದಯವಿಟ್ಟು ನೀನೇ ಹಾಕಿಬಿಡು."

ದಯವಿಟ್ಟು! ಅವಳೊಂದು ಸಲ ಒತ್ತಿದರೆ ಕಂಪ್ಯೂಟರ್ ಸರಿಹೋಗುತ್ತದೆ, ಕೈ ಚಾಚಬೇಕಷ್ಟೇ. ಆದರೆ ಒತ್ತಿದಳೆಂದರೆ ಇವನು ಎದ್ದು ಬಾಲ್ಕನಿಗೆ ಹೋಗಿ ಕೂರುತ್ತಾನೆ, ನಾಳೆ ಬೆಳಿಗ್ಗೆ ಆರಿದ ಕಾಫಿ ಕುಡಿದು ಚೆನ್ನಾಗಿದೆ ಎನ್ನುತ್ತಾನೆ.

"ನಾನಂತೂ ಮುಟ್ಟಲ್ಲಪ್ಪಾ" ಎಂದಳು ಉಷಾ. "ರೇಷ್ಮೆ ಸೀರೆ ಉಟ್ಟು ಮುಟ್ಟಬಾರದು ಅಂತ ಈಗ ತಾನೇ ಬೀದಿಗೆಲ್ಲ ಕೇಳೋ ಹಾಗೆ ಬೈದಿರಲ್ಲ."

"ಹಾಗಾದರೆ ಬದಲಾಯಿಸಿಕೊಂಡು ಬಾ."

"ಹಬ್ಬದ ದಿನ ಬದಲಾಯಿಸಲ್ಲ."

"ನೇಹಾ ಹಾಕಲಿ."

"ಅವಳಿಗೆ ಬರಲ್ಲ" ಎಂದು ಉಷಾ ಮಗಳನ್ನು ದುರುಗುಟ್ಟಿಕೊಂಡು ನೋಡಿದಳು. ಮುಂದೆ ಬಂದಿದ್ದ ನೇಹಾ, "ಎನಕ್ಕು ತೆರಿಯಾದುಪ್ಪಾ" ಎಂದು ತನಗೇನೂ ಗೊತ್ತಿಲ್ಲವೆಂಬಂತೆ ಕೈ ಹಿಂದೆ ಕಟ್ಟಿಕೊಂಡಳು.

ಮಧುಸೂದನ ಇಬ್ಬರನ್ನೂ ನೋಡಿದ. "ಕೊಬ್ಬು ನಿಮಗೆ, ಇಬ್ಬರಿಗೂ" ಎಂದು ಗೊಣಗಿ ಎದ್ದು ನಿಂತ. ಪಟ್ಟಿಯನ್ನು ಮತ್ತೆ ಗೂಡಿನಲ್ಲಿ ನಿಲ್ಲಿಸಿದ. ಮೇಜಿನ ಮೇಲೆ ಬಗ್ಗಿ, ಬೆರಳಿಗೆ ಇಲ್ಲದ ಬಲವನ್ನು ಭುಜದಿಂದ ಇಳಿಸುತ್ತಾ, ಹಲ್ಲು ಕಚ್ಚಿ ಒತ್ತಿದ. ಎಡಗಡೆ ಟಕ್. ಉಷಾ ಮನಸ್ಸಿನಲ್ಲೇ ಕಂಡ ಕಂಡ ದೇವರನ್ನೆಲ್ಲ ಕರೆದಳು. ಬಲ ಹೆಬ್ಬೆರಳ ಉಗುರು ಬೆಳ್ಳಗಾಯಿತು, ಮಣಿಕಟ್ಟು ನಡುಗಿತು.

ಟಕ್.

ಪ್ಲಗ್ ಹಾಕಿ, ಸ್ವಿಚ್ ಒತ್ತಿದರು. ಒಂದೇ ಒಂದು ಪುಟ್ಟ ಬೀಪ್. ಪರದೆ ಬೆಳಗಿತು, ನೋಡುನೋಡುತ್ತಿದ್ದಂತೆ ತೆರೆದುಕೊಂಡಿತು. "ಸೂಪರ್ ಪಾ! ಎಷ್ಟು ಫಾಸ್ಟು!" ಎಂದು ನೇಹಾ ಕುಣಿದಳು, ಅದೂ ಕನ್ನಡದಲ್ಲಿ. ಉಷಾ ಪಾಯಸಕ್ಕೆ ಹಾಲಿಡೋಣವೆಂದು ಅಡುಗೆಮನೆ ಕಡೆ ತಿರುಗಿದಳು.

ಹಿಂದೆ ಫ್ಯಾನಿನ ಸದ್ದು ನಿಂತಿತು. ತಿರುಗಿ ನೋಡಿದರೆ, ಗಂಡ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕೀಳುತ್ತಿದ್ದ.

"ಅಯ್ಯೋ, ಯಾಕ್ರೀ? ಸರಿಯಾಗಿ ಬಂತಲ್ಲ!"

ಮಧುಸೂದನ ಕ್ಲಿಪ್ ಸರಿಸಿ, ಆಗಷ್ಟೇ ಕೂರಿಸಿದ್ದ ಪಟ್ಟಿಯನ್ನು ಹೊರಗೆ ತೆಗೆದ. ಕುರ್ಚಿ ಎಳೆದುಕೊಂಡು ಕೂತ.

"ಸುಮ್ಮನಿರೇ" ಎಂದು ಗದರಿ, ಬಲ ಹೆಬ್ಬೆರಳನ್ನು ಅಂಚಿಗಿಟ್ಟ. "ಈ ಸಲ ಕೂತ್ಕೊಂಡೇ, ಬರೀ ಬೆರಳಲ್ಲೇ ಹಾಕ್ತೀನಿ."