ಕಸ್ತೂರಬಾಯಿಯ ನಡಿಗೆಗೆ ಅವಿನಾಶರ ಕ್ಲಾರ್ನೆಟ್

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯಲ್ಲಿರುವ ಟಾವೆಲ್ ಕಾರಖಾನೆಯೊಂದರಲ್ಲಿ ರಾತ್ರಿ ಪಾಳಿ ಮುಗಿಯುವ ಹೊತ್ತು. ಧೂಳು ಹಿಡಿದ ಗಾಜಿನಾಚೆ ಬೆಳಕು ಹರಿಯುತ್ತಿದೆ. ಒಳಗೆ ನೇಯುವ ಲೂಮುಗಳ ಖಟಪಟ ಎಷ್ಟೆಂದರೆ ಪಕ್ಕದವರ ಕೂಗೂ ಕೇಳುವುದಿಲ್ಲ. ಕೆಲಸಗಾರರು ಕೈಸನ್ನೆಯಲ್ಲೇ ಮಾತಾಡಿಕೊಳ್ಳುತ್ತಾರೆ. ತಮ್ಮ ಲೂಮನ್ನು ಹಗಲು ಪಾಳಿಯವನಿಗೆ ಒಪ್ಪಿಸಿ, ತಲೆಗೂದಲಿಗೆ ಅಂಟಿದ ಹತ್ತಿಯ ಎಳೆಗಳನ್ನು ಝಾಡಿಸಿಕೊಂಡು, ಅವಿನಾಶ ಸಲಗರೆ ಮೂಲೆಯ ನೂಲಿನ ಚೀಲಗಳ ಹಿಂದೆ ಹೋಗಿ ನಿಲ್ಲುತ್ತಾರೆ. ಬಟ್ಟೆಯ ಗಂಟು ಬಿಚ್ಚಿ ಕ್ಲಾರ್ನೆಟ್ಟಿನ ತುಂಡುಗಳನ್ನು ಒಂದಕ್ಕೊಂದು ಜೋಡಿಸುತ್ತಾರೆ. ಎರಡೂ ತುಟಿಗಳನ್ನು ಒಳಕ್ಕೆ ಮಡಚಿ, ಕಣ್ಣು ಮುಚ್ಚಿ ಊದುತ್ತಾರೆ.

ಒಂದು ಮಾರು ದೂರದಲ್ಲಿ ನಿಂತ ನನಗೆ ಒಂದು ಸ್ವರವೂ ಕೇಳಿಸುವುದಿಲ್ಲ. ಬೆರಳು ಆಡುವುದು, ಕುತ್ತಿಗೆಯ ನರ ಉಬ್ಬುವುದು ಮಾತ್ರ ಕಾಣುತ್ತದೆ.

ಹೊರಗೆ ಚಹಾದಂಗಡಿಯ ಬೆಂಚಿನ ಮೇಲೆ ಕೂತಾಗ ಕೇಳುತ್ತೇನೆ: ಅಷ್ಟು ಗದ್ದಲದಲ್ಲಿ ಎಂಥ ಅಭ್ಯಾಸ?

"ನಿಮಗ ಏನರ ಕೇಳಿಸ್ತೇನ್ರಿ?" ಎಂದು ಅವರೇ ತಿರುಗಿ ಕೇಳುತ್ತಾರೆ.

"ಇಲ್ಲ."

"ಅದಕ್ಕ ಅಲ್ಲಿ ಊದತೀನ್ರಿ. ನಾ ತಪ್ಪಿದ್ದು ಯಾರಿಗೂ ಗೊತ್ತಾಗಂಗಿಲ್ಲ. ನನಗ ಮಾತ್ರ ಒಸಡಿನಾಗ ಗೊತ್ತಾಗ್ತದ."

ಹೇಳಿ ನಗುತ್ತಾರೆ. ನಕ್ಕಾಗ ಮೇಲಿನ ಸಾಲಿನ ಮುಂದಿನ ಹಲ್ಲುಗಳ ಜಾಗ ಖಾಲಿ.

ಐವತ್ತು ದಾಟಿದ ಅವಿನಾಶ ವರ್ಷದ ಬಹುಪಾಲು ಲೂಮು ನಡೆಸುತ್ತಾರೆ, ಮೊದಲೆಲ್ಲ ಮದುವೆಯ ಹಂಗಾಮಿನಲ್ಲಿ ಬ್ಯಾಂಡಿನೊಂದಿಗೆ ಊರೂರು ತಿರುಗುತ್ತಿದ್ದರು. ಅಪ್ಪನೂ ಬ್ಯಾಂಡಿನವರೇ. ಮಂಗಳವೇಢೆ ಕಡೆಯ ಸಲಗರ ಬುದ್ರುಕ ಬಿಟ್ಟು ಕೆಲಸ ಹುಡುಕಿಕೊಂಡು ಸೊಲ್ಲಾಪುರಕ್ಕೆ ಬಂದಾಗ ಅಪ್ಪನ ಹತ್ತಿರ ಇದ್ದದ್ದು ಹೆಂಡತಿ, ಒಂದು ಹಾಸಿಗೆ ಸುರುಳಿ ಮತ್ತು ಈ ಕ್ಲಾರ್ನೆಟ್. ಊರಿನ ಹಳೆಯ ಭಾಗದ ಸಣ್ಣ ಚರ್ಚೊಂದರ ಸಭೆ ಅವರನ್ನು ಸೇರಿಸಿಕೊಂಡಿತು. ಅಲ್ಲಿ ಪ್ರಾರ್ಥನೆ ಮರಾಠಿಯಲ್ಲಿ, ಬಾಗಿಲ ಹೊರಗೆ ಚಪ್ಪಲಿ ಮೆಟ್ಟುವಾಗಿನ ಮಾತು ಅರ್ಧ ಕನ್ನಡದಲ್ಲಿ.

ಆ ಸಭೆಯದೊಂದು ಹಳೆಯ ವಾಡಿಕೆ. ಈಸ್ಟರ್ ದಿನ ಸೂರ್ಯ ಹುಟ್ಟುವ ಮೊದಲೇ ಎಲ್ಲರೂ ಚರ್ಚಿನ ಅಂಗಳದಲ್ಲಿ ಸೇರುತ್ತಾರೆ. ಮೇಣದಬತ್ತಿ ಹಿಡಿದು, ಹಾಡುತ್ತ, ಓಣಿಗಳನ್ನು ದಾಟಿ ಊರಂಚಿನ ಸ್ಮಶಾನದವರೆಗೆ ನಡೆಯುತ್ತಾರೆ. ತಮ್ಮ ತಮ್ಮವರ ಗೋರಿಗಳ ನಡುವೆ ನಿಂತು, ಯೇಸು ಎದ್ದ ಮುಂಜಾವಿನ ಪ್ರಾರ್ಥನೆ ಮಾಡುತ್ತಾರೆ. ಮೆರವಣಿಗೆಯ ಮುಂದೆ ಕ್ಲಾರ್ನೆಟ್. ಮೊದಲು ಅಪ್ಪ ಊದುತ್ತಿದ್ದರು. ಅವರು ಹೋದ ಮೇಲೆ ಮಗ.

"ಮದವಿ ಬ್ಯಾಂಡಿನಾಗ ಕುಣಿಯೋರು ಇರ್ತಾರ, ಜೋರ್ ಊದಬೇಕು" ಎನ್ನುತ್ತಾರೆ ಅವಿನಾಶ. "ಇಲ್ಲಿ ಹಂಗಲ್ರಿ. ಇಲ್ಲಿ ಮುದುಕ್ರು ಇರ್ತಾರ, ಹೊಟ್ಟಿಲೆ ಇದ್ದ ಹೆಣ್ಮಕ್ಕಳಿರ್ತಾರ. ನಾ ಮುಂದಿದ್ರೂ ನನ್ನ ಕಿವಿ ಕಡೇ ಸಾಲಿನಾಗ ಇರ್ತದ. ಅವ್ರ ಹಾಡು ತಡಾ ಆಗಿ ಮುಟ್ಟಿತಂದ್ರ, ನಾ ಸುರ ಉದ್ದ ಎಳೀತೀನಿ. ಅಷ್ಟ್ರಾಗ ಅವ್ರು ಬಂದು ಕೂಡ್ತಾರ."

ಆ ಕಡೇ ಸಾಲಿನ ಕಡೆಯವರು ಕಸ್ತೂರಬಾಯಿ. ದವಾಖಾನೆಯೊಂದರಲ್ಲಿ ಆಯಾ ಆಗಿ ದುಡಿದು ನಿವೃತ್ತರಾದವರು, ಎಂಬತ್ತರ ಆಸುಪಾಸು. ಗಂಡನ ಗೋರಿ ಆ ಸ್ಮಶಾನದಲ್ಲೇ ಇದೆ. ಮೊಣಕಾಲು ಬಾಗುವುದಿಲ್ಲ, ಹಾಗಂತ ಈಸ್ಟರ್ ದಿನ ರಿಕ್ಷಾ ಹತ್ತಿಸುವುದು ಯಾರಿಂದಲೂ ಆಗಿಲ್ಲ. ಯಾಕೆಂದು ಕೇಳಿದರೆ ಅಜ್ಜಿ ಸಿಟ್ಟಾಗುತ್ತಾರೆ.

"ಅವತ್ತ ಯೇಸುನ ಸಮಾಧಿಗೆ ಹೆಣ್ಮಕ್ಕಳು ಹೆಂಗ ಹೋದ್ರಪಾ? ನಸಕಿನ್ಯಾಗ ನಡಕೋತ ಹೋದ್ರು. ನಾ ರಿಕ್ಷಾದಾಗ ಕುಂತು ಹೋಗ್ಲೇನು?"

ಎರಡು ವರ್ಷದ ಹಿಂದಿನ ಮಾತು. ಅಕ್ಕಲಕೋಟದಲ್ಲಿ ಒಂದು ಮದುವೆ ಮುಗಿಸಿ ಅವಿನಾಶ ಗೆಳೆಯನ ಬೈಕಿನ ಹಿಂದೆ ಕೂತು ಬರುತ್ತಿದ್ದರು. ಕುಂಭಾರಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದ ಸೋಗೆಯ ಮೇಲೆ ಗಾಲಿ ಜಾರಿತು. ಗೆಳೆಯನಿಗೆ ತರಚು ಗಾಯ. ಅವಿನಾಶ ಬೀಳುವಾಗ ಎರಡೂ ಕೈಯಿಂದ ಕ್ಲಾರ್ನೆಟ್ಟಿನ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡಿದ್ದರು. ನೆಲಕ್ಕೆ ಊರಲು ಕೈ ಇರಲಿಲ್ಲ. ಬಾಯಿ ಡಾಂಬರಿಗೆ ಬಡಿಯಿತು.

"ಪೆಟಗಿಗೆ ಒಂದು ಗೀರೂ ಬಿದ್ದಿದ್ದಿಲ್ರಿ" ಎಂದು ಪತ್ನಿ ಸಾರಿಕಾ ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ. "ಕೂಸು ಹಿಡ್ಕೊಂಡಂಗ ಹಿಡ್ಕೊಂಡಿದ್ರಂತ. ಹಲ್ಲು ಮಾತ್ರ ರಸ್ತಾದಾಗ ಬಿಟ್ಟು ಬಂದಾರ."

ಕ್ಲಾರ್ನೆಟ್ ಊದುವವರಿಗೆ ಮೇಲಿನ ಹಲ್ಲು ಬೇಕೇ ಬೇಕು. ಕೆಳತುಟಿಯ ಮೇಲೆ ವಾದ್ಯದ ಮೂತಿ ಇಟ್ಟು, ಮೇಲಿನ ಹಲ್ಲಿನಿಂದ ಅದನ್ನು ಅಲುಗದಂತೆ ಒತ್ತಿ ಹಿಡಿದರೆ ಸ್ವರ ನಿಲ್ಲುತ್ತದೆ. ಹಲ್ಲು ಕಟ್ಟಿಸಿದರು. ಜೋರಾಗಿ ಊದಿದ ಕೂಡಲೇ ಕಟ್ಟಿಸಿದ ಹಲ್ಲು ಸಡಿಲಾಗಿ ನಾಲಿಗೆಯ ಮೇಲೆ ಬಂದು ಬೀಳುತ್ತಿತ್ತು. ಬ್ಯಾಂಡಿನವರು ಕರೆಯುವುದು ನಿಲ್ಲಿಸಿದರು. ಸಾರಿಕಾ ಕಡಕ್ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಕೊಡುತ್ತಿದ್ದರು. ಅವಿನಾಶ ಅರ್ಧ ತಿಂದು ಏಳುತ್ತಿದ್ದರು. ಒಂದು ದಿನ ಕ್ಲಾರ್ನೆಟ್ಟನ್ನು ಅಪ್ಪನ ಹಳೆಯ ಧೋತರದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಬಿಟ್ಟರು.

ಆ ವರ್ಷದ ಈಸ್ಟರಿಗೆ ಅವರು ಮನೆಯಿಂದ ಹೊರಬರಲಿಲ್ಲ. ಸಭೆಯವರು ಟೆಂಪೊ ಒಂದರಲ್ಲಿ ಸ್ಪೀಕರ್ ಇಟ್ಟು ಹಾಡು ಹಚ್ಚಿದರು. ಟೆಂಪೊ ತನ್ನ ಗತಿಗೆ ಸಾಗಿತು. ಹುಡುಗರು ಅದರ ಜೊತೆ ಹೆಜ್ಜೆ ಹಾಕಿದರು, ಹಿಂದಿನವರು ಏದುಸಿರು ಬಿಟ್ಟರು. ಎರಡು ಓಣಿ ದಾಟುವುದರೊಳಗೆ ಕಸ್ತೂರಬಾಯಿ ಒಬ್ಬರೇ ಉಳಿದರು. ಮೇಣದಬತ್ತಿ ಗಾಳಿಗೆ ಆರಿಹೋಯಿತು. ತಿರುವಿನಲ್ಲಿದ್ದ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತರು.

ಆ ಅಂಗಡಿ ಚನ್ನವೀರಪ್ಪನವರದು. ಮೇಲೆಯೇ ಅವರ ಮನೆ. ಮುಂಜಾನೆ ಬಾಗಿಲು ತೆರೆಯಲು ಬಂದವರು ಅಜ್ಜಿಯನ್ನು ಕಂಡು ಗಾಬರಿಯಾದರು.

"ನೀರು ಕೊಟ್ವಿ, ಚಾ ಕೊಟ್ವಿ" ಎಂದು ಚನ್ನವೀರಪ್ಪ ನೆನೆಯುತ್ತಾರೆ. "ಸ್ಕೂಟರ್ ಮ್ಯಾಲ ಬಿಟ್ಟು ಬರ್ತೀನಿ ಬರ್ರಿ ಆಯಿ ಅಂದ್ನಿ. ಒಲ್ಲೆ ಅಂದ್ರು. ಮತ್ತ ಎದ್ದು ನಡ್ದೇ ಹೋದ್ರು. ನನಗ ಮನಸ್ಸು ತಡೀಲಿಲ್ಲ, ಸ್ಮಶಾನದ ತನಕಾ ಹಿಂದ ಹಿಂದ ಹೋದ್ನಿ. ಇವ್ರು ಮುಟ್ಟೋದ್ರಾಗ ಎಲ್ಲಾರೂ ವಾಪಸ್ ಬರಾಕತ್ತಿದ್ರು."

ಪ್ರಾರ್ಥನೆ ಮುಗಿದಿತ್ತು. ಕಸ್ತೂರಬಾಯಿ ಯಾರನ್ನೂ ದೂರಲಿಲ್ಲ. ಆ ಸಂಜೆ ಡಬ್ಬಿಯಲ್ಲಿ ಶಿರಾ ಹಾಕಿಕೊಂಡು ಅವಿನಾಶರ ಮನೆಗೆ ಬಂದು, "ಹಲ್ಲು ಬ್ಯಾಡ ಇದಕ್ಕ, ತಿನ್ನು" ಎಂದರು. ಅವರು ತಿನ್ನುವವರೆಗೂ ಎದುರಿಗೆ ಕೂತಿದ್ದು, ಏಳುವಾಗ ಅಂದರು: "ಹಾಡು ಮುಂದ ಹೋತೋ ತಮ್ಮಾ. ನಾ ಹಿಂದ ಉಳದ್ನಿ."

ಮರುದಿನವೇ ಅವಿನಾಶ ಅಟ್ಟ ಹತ್ತಿ ಧೋತರದ ಗಂಟು ಇಳಿಸಿದರು.

ಹಲ್ಲಿಲ್ಲದೆ ಊದಲು ಒಂದು ದಾರಿಯಿತ್ತು. ಮೇಲ್ತುಟಿಯನ್ನೂ ಒಸಡಿನ ಮೇಲೆ ಮಡಚಿ, ಎರಡು ತುಟಿಗಳ ನಡುವೆಯೇ ಮೂತಿಯನ್ನು ಹಿಡಿಯಬೇಕು. ಹೇಳಲು ಸುಲಭ. ಎಷ್ಟೋ ತಿಂಗಳು ಬಂದದ್ದು ಬರೀ ಕೀಚಲು. ತುಟಿ ಸೀಳಿ ಊಟಕ್ಕೆ ಕೂತರೆ ಖಾರ ಉರಿಯುತ್ತಿತ್ತು. ಮಲಗುವ ಮುಂಚೆ ಸಾರಿಕಾ ತುಪ್ಪ ಹಚ್ಚುತ್ತಿದ್ದರು. ಓಣಿಯ ಜನ ನಗಲು ಶುರುಮಾಡಿದಾಗ ಕ್ಲಾರ್ನೆಟ್ ಕಾರಖಾನೆಗೆ ಹೋಯಿತು, ಲೂಮಿನ ಸದ್ದಿನ ಮರೆಗೆ.

ಹೋದ ವರ್ಷ ಗರಿಗಳ ಭಾನುವಾರ, ಈಸ್ಟರಿಗೆ ಒಂದು ವಾರ ಮೊದಲು, ಧೈರ್ಯ ಮಾಡಿ ಚರ್ಚಿನಲ್ಲಿ ಊದಿದರು. ಎಲ್ಲರ ಕೈಯಲ್ಲಿ ಹಸಿರು ಗರಿ, ಎಲ್ಲರ ಕಣ್ಣು ಇವರ ಮೇಲೆ. ಹಾಡಿನ ಮೊದಲ ಸಾಲು ಸರಿಯಾಗಿ ಬಂತು. ಎರಡನೆಯದರಲ್ಲಿ ತುಟಿ ಜಾರಿ, ಬಾತುಕೋಳಿ ಕೂಗಿದಂಥ ಸದ್ದು ಹೊರಟಿತು. ಯಾರೋ ನಕ್ಕರು, ಯಾರೋ ಫೋನಿನಲ್ಲಿ ಹಿಡಿದುಕೊಂಡರು. ಅವಿನಾಶ ಪಕ್ಕದ ಬಾಗಿಲಿನಿಂದ ಹೊರಗೆ ಹೋದರು.

ಸಭಾಪಾಲಕ ಪ್ರಸಾದ ಅವರು ಆ ಸಂಜೆ ಮನೆಗೆ ಬಂದರು. ಉಪದೇಶ ಮಾಡಲಿಲ್ಲ. ಚಹಾ ಕುಡಿದು, "ಈ ವರ್ಷ ಟೆಂಪೊ ಬ್ಯಾಡ ಅಂತ ಹೇಳೇನಿ. ನೀವು ಊದಿದ್ರ ಊದ್ರಿ, ಇಲ್ಲಂದ್ರ ಬಾಯಿಲೆ ಹಾಡ್ಕೋತ ಹೋಗೂಣು" ಎಂದು ಎದ್ದರು.

ಅವಿನಾಶ ಊದಲಿಲ್ಲ. ಆ ಈಸ್ಟರಿಗೆ ಕಸ್ತೂರಬಾಯಿಯ ರಟ್ಟೆ ಹಿಡಿದು ಕಡೇ ಸಾಲಿನಲ್ಲಿ ನಡೆದರು. ಹಾಡಿಗೆ ಆಸರೆಯಿಲ್ಲದೆ ಮುಂದಿನವರು ಒಂದು ಸಾಲು ಹಾಡಿದರೆ ಹಿಂದಿನವರು ಮತ್ತೊಂದು ಸಾಲು. ಚೌಕದ ಹತ್ತಿರ ಹಾಡು ಕಡಿದುಹೋಗಿ, ಜನ ತಮ್ಮ ತಮ್ಮೊಳಗೆ ಮಾತಾಡಿಕೊಂಡು ನಡೆಯತೊಡಗಿದರು. ಅಜ್ಜಿ ಮಾತ್ರ ಸಣ್ಣ ದನಿಯಲ್ಲಿ ಹಾಡುತ್ತಲೇ ಇದ್ದರು.

"ಆಕಿ ರಟ್ಟಿ ನನ್ನ ಕೈಯಾಗಿತ್ತಲ್ರಿ, ಒಂದೊಂದು ಹೆಜ್ಜಿಗೂ ಎಷ್ಟು ನೋಯ್ತದ ಅನ್ನೋದು ಅವತ್ತ ತಿಳೀತು" ಎನ್ನುತ್ತಾರೆ. "ಇಷ್ಟು ವರ್ಷ ಮುಂದಿದ್ದೆ. ಕಿವಿಗೆ ಕೇಳತಿತ್ತು, ಕಣ್ಣಿಗೆ ಕಂಡಿದ್ದಿಲ್ಲ."

ಈ ವರ್ಷ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲದಲ್ಲಿ ನಾನು ಅವರನ್ನು ಮೊದಲು ಕಂಡೆ. ಶುಕ್ರವಾರಗಳಂದು ಉಪವಾಸ, ಮನೆಮನೆಯ ಪ್ರಾರ್ಥನೆಗೆ ಹಾಜರಿ, ಪಾಳಿ ಮುಗಿದ ಮೇಲೆ ನೂಲಿನ ಚೀಲಗಳ ಹಿಂದೆ ಅಭ್ಯಾಸ. ಎತ್ತರದ ಸ್ವರಗಳು ಇನ್ನು ತಮ್ಮ ಕೈಗೆ ಸಿಗುವುದಿಲ್ಲ ಎಂದು ಒಪ್ಪಿಕೊಂಡು, ಹಳೆಯ ಹಾಡುಗಳನ್ನೆಲ್ಲ ಕೆಳಗಿನ ಸ್ವರಕ್ಕೆ ಇಳಿಸಿಕೊಂಡಿದ್ದಾರೆ. ಶುಭ ಶುಕ್ರವಾರ ಯೇಸು ಸತ್ತ ದಿನ, ಚರ್ಚಿನಲ್ಲಿ ವಾದ್ಯ ಮುಟ್ಟುವುದಿಲ್ಲ. ಮೂರು ತಾಸಿನ ಆರಾಧನೆಯಲ್ಲಿ ಅವಿನಾಶ ಕೈ ಕಟ್ಟಿ ಕೂತಿದ್ದರು. ಬೆರಳುಗಳು ಮಾತ್ರ ತೋಳಿನ ಮೇಲೆ ಆಡುತ್ತಿದ್ದವು.

ಈಸ್ಟರ್ ದಿನ ನಸುಕಿನ ಅಂಗಳ. "ಪ್ರಭು ಎದ್ದಾನ" ಎಂದು ಒಬ್ಬರು, "ಖರೇನ ಎದ್ದಾನ" ಎಂದು ಇನ್ನೊಬ್ಬರು. ಕೈ ಕುಲುಕುವುದು, ಮಕ್ಕಳ ಮೇಣದಬತ್ತಿಗೆ ಕಾಗದದ ಬಟ್ಟಲು ಸಿಕ್ಕಿಸುವುದು ನಡೆದಿದೆ. ಅವಿನಾಶ ಬಿಳಿ ಅಂಗಿ ತೊಟ್ಟಿದ್ದಾರೆ. ಕಟ್ಟಿಸಿದ ಹಲ್ಲನ್ನು ತೆಗೆದು ಸಾರಿಕಾರ ಕೈಗೆ ಕೊಡುತ್ತಾರೆ. ಅವರು ಕರವಸ್ತ್ರದಲ್ಲಿ ಸುತ್ತಿಕೊಳ್ಳುತ್ತಾರೆ. ಹೋದ ವರ್ಷದ ಸದ್ದು ಎಲ್ಲರಿಗೂ ನೆನಪಿದೆ.

ಮೊದಲ ಸ್ವರ ಹೊರಡುತ್ತದೆ. ತೆಳ್ಳಗಿದೆ, ಸ್ವಲ್ಪ ಒಡಕಾಗಿದೆ, ಆದರೆ ನಿಲ್ಲುತ್ತದೆ. ಢೋಲಕಿ ಸೇರುತ್ತದೆ. ದನಿ ತಗ್ಗಿನಲ್ಲಿರುವುದರಿಂದ ಗಂಡಸರೂ ಮುದುಕಿಯರೂ ಮಕ್ಕಳೂ ಗಂಟಲು ಏರಿಸದೆ ಅದರೊಳಗೆ ಸೇರಿಕೊಳ್ಳುತ್ತಾರೆ. ಮೆರವಣಿಗೆ ಅಂಗಳ ಬಿಟ್ಟು ಓಣಿಗೆ ಇಳಿಯುತ್ತದೆ. ಹಾಲಿನವರು ಸೈಕಲ್ ನಿಲ್ಲಿಸುತ್ತಾರೆ. ಮನೆಗಳ ಮುಂದೆ ರಂಗೋಲಿ ಹಾಕುತ್ತಿದ್ದ ಹೆಂಗಸರು ಎದ್ದು ನಿಂತು ದಾರಿ ಬಿಡುತ್ತಾರೆ. ಹಿಂದಿನ ಸಾಲು ತಡವಾದಲ್ಲೆಲ್ಲ ಕ್ಲಾರ್ನೆಟ್ ಒಂದೇ ಸ್ವರವನ್ನು ಹಿಡಿದು ಕಾಯುತ್ತದೆ.

ಚನ್ನವೀರಪ್ಪನವರ ಅಂಗಡಿಯ ಹತ್ತಿರ ಬರುವಾಗ ಅದು ನಿಂತುಹೋಗುತ್ತದೆ.

ಅವಿನಾಶ ವಾದ್ಯ ಕೆಳಗಿಳಿಸುತ್ತಾರೆ. ತುಟಿ ಸೀಳಿದೆ, ಬಿಳಿ ಅಂಗಿಯ ಮೇಲೆ ಎರಡು ಹನಿ ರಕ್ತ. ಮತ್ತೆ ಊದಲು ನೋಡುತ್ತಾರೆ, ಬರೀ ಗಾಳಿ. ಢೋಲಕಿ ನಿಲ್ಲುತ್ತದೆ, ಹಾಡು ನಿಲ್ಲುತ್ತದೆ. ಕತ್ತು ಬಗ್ಗಿಸಿ ನಿಂತ ಗಂಡನ ಕಡೆ ಸಾರಿಕಾ ಹೆಜ್ಜೆ ಇಡುವ ಮೊದಲೇ ಹಿಂದಿನಿಂದ ಜನ ಸರಿದು ದಾರಿ ಮಾಡಿಕೊಡುತ್ತಾರೆ. ಕಸ್ತೂರಬಾಯಿ ಬರುತ್ತಿದ್ದಾರೆ. ಕಡೇ ಸಾಲಿನಿಂದ ಮೊದಲ ಸಾಲಿಗೆ ಬರಲು ಅವರಿಗೆ ತುಸು ಹೊತ್ತೇ ಬೇಕಾಗುತ್ತದೆ.

ಅಜ್ಜಿ ಸೆರಗಿನ ಚುಂಗಿನಿಂದ ಅವರ ತುಟಿ ಒರೆಸುತ್ತಾರೆ. ಚನ್ನವೀರಪ್ಪನವರು ಒಳಗಿನಿಂದ ತಂಬಿಗೆಯಲ್ಲಿ ನೀರು ತಂದುಕೊಡುತ್ತಾರೆ.

"ಅವಸರಿಲ್ಲ, ಉಸಿರು ತಗೋ" ಎನ್ನುತ್ತಾರೆ ಕಸ್ತೂರಬಾಯಿ. "ನೀ ನನ್ನ ಸಲುವಾಗಿ ಎಷ್ಟು ವರ್ಷ ನಿಂತಿ. ಇವತ್ತ ನಾ ನಿಲ್ತೀನಿ."

ಹೇಳಿ, ಅಲ್ಲೇ ರಸ್ತೆಯ ನಡುವೆ ನಿಂತು ತಾವೇ ಹಾಡು ಎತ್ತಿಕೊಳ್ಳುತ್ತಾರೆ. ಮರಾಠಿಯ ಹಾಡಲ್ಲ, ಅವರ ತವರಿನ ಕಡೆ ಹಾಡುತ್ತಿದ್ದ, ಸಭೆಯ ಹುಡುಗರಿಗೆ ಗೊತ್ತೇ ಇಲ್ಲದ ಕನ್ನಡದ ಹಾಡು. ಯೇಸುವಿನ ಸಮಾಧಿಯ ಕಲ್ಲು ಉರುಳಿತೆಂದೂ ಒಳಗೆ ಯಾರೂ ಇಲ್ಲವೆಂದೂ ಹೇಳುವ ಎರಡೇ ಸಾಲು. ಮೂರನೆಯ ಸಲಕ್ಕೆ ಸುತ್ತಲಿನವರು ದನಿಗೂಡಿಸುತ್ತಾರೆ. ಅವಿನಾಶ ತಂಬಿಗೆ ಕೆಳಗಿಟ್ಟು, ತುಟಿ ಒಳಕ್ಕೆ ಮಡಚಿ, ಅಜ್ಜಿಯ ದನಿಯ ಕೆಳಗೆ ಮೆಲ್ಲನೆ ಬಂದು ಸೇರುತ್ತಾರೆ.

ಅಲ್ಲಿಂದ ಸ್ಮಶಾನದವರೆಗೆ ಕಸ್ತೂರಬಾಯಿ ಮುಂದಿನ ಸಾಲಿನಲ್ಲೇ ನಡೆಯುತ್ತಾರೆ. ಇಡೀ ಮೆರವಣಿಗೆ ಅವರ ಮೊಣಕಾಲಿನ ಗತಿಯಲ್ಲಿ ಸಾಗುತ್ತದೆ. ಗೇಟು ಮುಟ್ಟುವಾಗ ಸೂರ್ಯ ಬೇವಿನ ಮರದ ಮೇಲೆ ಬಂದಾಗಿದೆ, ಮೇಣದಬತ್ತಿಗಳು ಕರಗಿ ಮುಗಿದಿವೆ. ಅಜ್ಜಿ ಗಂಡನ ಗೋರಿಯ ಕಟ್ಟೆಯ ಮೇಲೆ ಕೂತು ಸೆರಗು ಸರಿಮಾಡಿಕೊಂಡ ಮೇಲೆ ಸಭಾಪಾಲಕರು ಪ್ರಾರ್ಥನೆ ಆರಂಭಿಸುತ್ತಾರೆ.

ಪ್ರಾರ್ಥನೆ ಮುಗಿದು ಜನ ಗೋರಿಗಳಿಗೆ ಹೂ ಇಡುತ್ತಿರುವಾಗ ಅವಿನಾಶ ಕಾಂಪೌಂಡ್ ಗೋಡೆಗೆ ಒರಗಿ ಕ್ಲಾರ್ನೆಟ್ ಬಿಚ್ಚಿ ಒರೆಸುತ್ತಿದ್ದಾರೆ. ಮೇಲ್ತುಟಿ ಬಾತಿದೆ. ಸಾರಿಕಾ ಗಂಡನ ಹಲ್ಲನ್ನು ತೊಳೆದು ಕೊಡುತ್ತಾರೆ. ಅವರು ಅದನ್ನು ಹಾಕಿಕೊಳ್ಳುವುದಿಲ್ಲ, ಜೇಬಿಗಿಳಿಸುತ್ತಾರೆ.

ಇನ್ನೇನು ಆಸೆ ಉಳಿದಿದೆ ಎಂದು ಕೇಳುತ್ತೇನೆ. ಅವರು ಕಸ್ತೂರಬಾಯಿಯ ಕಡೆ ನೋಡುತ್ತಾರೆ. ಅಜ್ಜಿ ಗೋರಿಯ ಮೇಲಿನ ಒಣಗಿದ ಎಲೆಗಳನ್ನು ಒಂದೊಂದಾಗಿ ಆರಿಸಿ ತೆಗೆಯುತ್ತಿದ್ದಾರೆ.

"ಬರೋ ವರ್ಷ ಆಕಿ ಇನ್ನೂ ಮೆಲ್ಲಕ ನಡೀತಾಳ್ರಿ" ಎನ್ನುತ್ತಾರೆ ಅವಿನಾಶ. "ನಾ ಇನ್ನೂ ಉದ್ದ ಉಸಿರು ಹಿಡೀಲಿಕ್ಕೆ ಕಲೀಬೇಕು. ಅಷ್ಟ."