ಕಂಡಕ್ಟರ್ ಚೀಲದಲ್ಲಿ ಹೋದ ಪುಸ್ತಕ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕುಳಿತು, ಬೇರೇನನ್ನೋ ಬರೆದು ಎದ್ದಿದ್ದೇನೆ. ತೊಂಬತ್ತರ ದಶಕದಲ್ಲಿ ಹೊಳಲ್ಕೆರೆಯ ಗ್ರಂಥಾಲಯಕ್ಕೆ ಕೆಲಸಕ್ಕೆ ಸೇರಿದ್ದು, ಚಿತ್ರದುರ್ಗಕ್ಕೆ ವರ್ಗವಾದದ್ದು ಎಲ್ಲ ಬರೆದೆ. ಹೊಸದುರ್ಗದ ವರ್ಷಗಳಿಗೆ ಬಂದಾಗ ಮಾತ್ರ ಪೆನ್ನು ಮುಚ್ಚಿಟ್ಟೆ.

ಹೊಸದುರ್ಗದಲ್ಲಿ ನಮ್ಮ ಗ್ರಂಥಾಲಯ ಬಸ್ ನಿಲ್ದಾಣದ ಎದುರಿಗಿತ್ತು. ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಒಳಗೆ ಬರುತ್ತಿದ್ದುದು ಕಡಿಮೆ. ಓದಿ ಮುಗಿಸಿದ ಪುಸ್ತಕವನ್ನು ಬಸ್ ಕಂಡಕ್ಟರ್ ಕೈಗೆ ಕೊಟ್ಟು, ‘ಇಂಥದ್ದೇ ಇನ್ನೊಂದು’ ಎಂದು ಹೇಳಿ ಕಳಿಸುವುದು ರೂಢಿಯಾಗಿತ್ತು. ಮಾಡದಕೆರೆ ಬಸ್ಸಿನ ಕಂಡಕ್ಟರ್ ಅದಕ್ಕೆಂದೇ ಒಂದು ಬಟ್ಟೆ ಚೀಲ ಇಟ್ಟುಕೊಂಡಿದ್ದ.

“ಸಾರ್, ಟಿಕೆಟ್ ಹರಿಯಾದಕ್ಕಿಂತ ನಿಮ್ ಕತೆ ಪುಸ್ತಕ ಹೊರಾದೇ ಜಾಸ್ತಿ ಆಗೈತೆ” ಎಂದು ನಗುತ್ತಿದ್ದ.

‘ಇಂಥದ್ದೇ’ ಎಂದರೆ ಯಾವುದು? ನಾನು ಹೈಸ್ಕೂಲು ಓದಿದವನು. ಕಪಾಟಿನಲ್ಲಿದ್ದ ಪುಸ್ತಕಗಳಲ್ಲಿ ಕಾಲು ಭಾಗವನ್ನೂ ಓದಿರಲಿಲ್ಲ. ಆ ಹೊತ್ತಿಗೆ ಪಕ್ಕದಲ್ಲೇ ಒಂದು ಸೈಬರ್ ಸೆಂಟರ್ ಶುರುವಾಯಿತು. ಗ್ರಂಥಾಲಯದ ಬಾಗಿಲು ತೆರೆಯುವ ಮೊದಲು ಅಲ್ಲಿ ಕೂತು, ಪುಸ್ತಕ ಮಾರುವವರ ತಾಣಗಳನ್ನೂ ಓದಿದವರು ಬ್ಲಾಗುಗಳಲ್ಲಿ ಬರೆದ ಅಭಿಪ್ರಾಯಗಳನ್ನೂ ನೋಡುವುದು ಕಲಿತೆ. ಅವರು ಹೊಗಳಿದ್ದು ನಮ್ಮಲ್ಲಿದ್ದರೆ ತೆಗೆದು ಕೊಡುತ್ತಿದ್ದೆ. ‘ಇದನ್ನು ಓದಿ, ಚೆನ್ನಾಗಿದೆ’ ಎಂದು ನಾನೇ ಓದಿದವನಂತೆ ಹೇಳುತ್ತಿದ್ದೆ. ಊರಲ್ಲಿ ನನಗೆ ದೊಡ್ಡ ಓದುಗನೆಂಬ ಹೆಸರು ಬಂತು.

ಒಂದು ದಿನ ಕಂಡಕ್ಟರ್ ನಗದೆ ಬಂದ. ಮಾಡದಕೆರೆಯ ಕುರಿ ಸಾಕುವ ಮನೆಯೊಂದರ ಸೊಸೆ, ನಮ್ಮ ಹಳೆಯ ಓದುಗಾರ್ತಿ. ಅವಳ ಹಸುಗೂಸು ತೀರಿಕೊಂಡಿತ್ತು.

“ಮನಸು ಹಗುರಾಗಾದು ಒಂದು ಕೊಡ್ಬೇಕಂತೆ ಸಾರ್. ನೋಡಿ ಕೊಡ್ರಿ.”

ನಾನು ನೆಟ್ಟಿನಲ್ಲಿ ಹುಡುಕಿದೆ. ಯಾರೋ ಒಬ್ಬರು ಒಂದು ಕಾದಂಬರಿಯ ಬಗ್ಗೆ, ಓದಿ ಮುಗಿಸಿದಾಗ ಮನಸ್ಸು ಹಗುರಾಯಿತು ಎಂದು ಬರೆದಿದ್ದರು. ಅಷ್ಟು ಸಾಕಾಯಿತು. ಕೆಳಗೇನಿದೆ ಎಂದು ನೋಡಲಿಲ್ಲ, ಪುಸ್ತಕವನ್ನೂ ತೆರೆಯಲಿಲ್ಲ. ಅದು ಮಗುವನ್ನು ಕಳೆದುಕೊಂಡು ಹುಚ್ಚಿಯಾಗುವ ತಾಯಿಯ ಕತೆ. ಬರೆದವರು ಹಗುರಾದದ್ದು ಅತ್ತೂ ಅತ್ತೂ.

ಸಂತೆಯ ದಿನ ಆಕೆಯ ಮಾವ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು ಪುಸ್ತಕವನ್ನು ಮೇಜಿನ ಮೇಲಿಟ್ಟರು.

“ಏನಪ್ಪ, ಕೂಸು ಕಳ್ಕಂಡೋಳಿಗೆ ಇಂಥದ್ದಾ ಕೊಡಾದು? ಎಲ್ಡು ದಿನದಿಂದ ಉಂಡಿಲ್ಲ ಅವಳು.”

ಓದುತ್ತಾ ಕುಳಿತವರೆಲ್ಲ ತಲೆಯೆತ್ತಿದರು. ನನ್ನ ಬಾಯಿಂದ ಬಂದದ್ದು ಇದು: “ನಾನು ಕೊಟ್ಟಿದ್ದು ಬೇರೆ ಯಜಮಾನ್ರೇ. ಕಂಡಕ್ಟರ್ ಅದಲುಬದಲು ಮಾಡಿರ್ಬೇಕು.”

ಅವರು ನೇರ ಬಸ್ಸಿನ ಬಳಿ ಹೋದರು. “ಲೇ, ಚೀಲದಾಗೆ ಯಾರ್ದು ಯಾವ್ದು ಅಂತ ನೋಡಾಕೆ ಕಣ್ಣಿಲ್ಲೇನಲೇ?” ಎಂದು ಬೈದದ್ದು ಕಿಟಕಿಯಿಂದ ಒಳಗೆ ಕೇಳಿಸಿತು. ಪ್ರಯಾಣಿಕರೆಲ್ಲ ನೋಡುತ್ತಿದ್ದರು. ಕಂಡಕ್ಟರ್ ಒಮ್ಮೆ ನಮ್ಮ ಕಟ್ಟಡದ ಕಡೆ ನೋಡಿದ. ಆಮೇಲೆ, “ತಪ್ಪಾತು ಯಜಮಾನ್ರೇ” ಎಂದ.

ಮರುದಿನ ಬೇರೆ ಮನೆಯ ಪುಸ್ತಕ ತಂದಾಗ ಬಾಗಿಲಲ್ಲೇ ನಿಂತ. “ಇನ್ಮೇಲೆ ಪೇಪರ್ ಸುತ್ತಿ, ಮ್ಯಾಲೆ ಊರು ಮನೆ ಬರ್ದು ಕೊಡ್ರಿ ಸಾರ್. ನನ್ ಕಣ್ಣು ಸರಿ ಇಲ್ವಂತೆ.”

ಸುತ್ತಿ ಕೊಟ್ಟೆ. ಕೆಲವು ತಿಂಗಳಲ್ಲಿ ಅವನು ಹಿರಿಯೂರಿನ ಬಸ್ಸಿಗೆ ಹೋದ. ಊರವರ ಮುಂದೆ ಮುಖವೆತ್ತಲಾಗದೆ ಹೋದನೆಂದು ನಾನು ತಿಳಿದೆ. ಅವತ್ತಿನಿಂದ ಓದದೆ ಒಂದು ಪುಸ್ತಕವನ್ನೂ ಯಾರಿಗೂ ಹೇಳಿಲ್ಲ. ಆದರೆ ಅದರಿಂದ ಅವನ ಹೆಸರಿಗೆ ಹತ್ತಿದ ಮಸಿ ಹೋಗುವಂತಿರಲಿಲ್ಲ.

ನಿವೃತ್ತಿ ಹತ್ತಿರವಿದ್ದಾಗ ಒಬ್ಬ ಹೆಂಗಸು ಒಳಗೆ ಬಂದು, ಕಪಾಟಿನ ಮುಂದೆ ನಿಂತೇ ಒಂದೊಂದು ಪುಸ್ತಕದ ಮೊದಲ ಪುಟ ಓದತೊಡಗಿದಳು. ಊರು ಕೇಳಿದೆ. ಮಾಡದಕೆರೆ ಎಂದಳು. ಮನೆ ಯಾವುದೆಂದು ಕೇಳಿದೆ. ಕುರಿ ಸಾಕುವವರ ಮನೆ ಎಂದಾಗ, ಕೂಸು ಕಳೆದುಕೊಂಡ ಆ ಸೊಸೆ ಇವಳೇ ಎಂದು ತಿಳಿಯಿತು.

“ಆ ಪುಸ್ತಕ ಕಳಿಸಿದ್ದು ನಾನೇ ಕಣಮ್ಮ, ಕಂಡಕ್ಟರ್ ಅಲ್ಲ” ಎಂದೆ.

“ಅವತ್ತೇ ಗೊತ್ತಿತ್ತು ಬಿಡ್ರಿ. ಚೀಲದಾಗೆ ನಂದೊಂದೇ ಪುಸ್ತಕ ಇತ್ತು. ಕಂಡಕ್ಟರಣ್ಣ ಯಾವುದ್ರ ಜತೆ ಬದ್ಲಿ ಮಾಡ್ತಾನೆ?”

“ನಿಮ್ಮ ಮಾವನಿಗೆ?”

“ಹೇಳ್ದೆ. ಬೈದಿದ್ದಕ್ಕೆ ನಮ್ಮಾವ ಅವನ್ನ ಮನೆಗೆ ಕರ್ದು ಉಣ್ಣಾಕಿಕ್ಕಿದ್ರು. ಊರಿಗೆಲ್ಲ ಗೊತ್ತು.”

“ಮತ್ತೆ ಬಸ್ಸು ಬಿಟ್ಟಿದ್ದು?”

“ಅವನ ಹೆಂಡ್ತಿ ಇರಾದು ಹಿರಿಯೂರ ಕಡೆ. ದಿನಾ ಮನೆಗೆ ಹೋಗ್ಬೋದು ಅಂತ ಕೇಳಿ ಹಾಕಿಸ್ಕಂಡ. ನಿಮ್ಮಿಂದ ಅನ್ಕಂಡಿದ್ರಾ?” ಎಂದು ನಕ್ಕಳು. “ಅದಿರ್ಲಿ, ಆ ಪುಸ್ತಕ ನೀವು ಓದಿದ್ರಾ?”

“ಇಲ್ಲಮ್ಮ. ನೆಟ್ಟಲ್ಲಿ ಯಾರೋ ಬರೆದದ್ದು ನೋಡಿ ಕೊಟ್ಟೆ. ನನ್ನದು ತಪ್ಪಾಯಿತು.”

“ಈಗ್ಲೂ ನೋಡ್ತೀರಾ?”

“ಹುಡುಕೋಕೆ ನೋಡ್ತೀನಿ. ಕೊಡೋದು ಓದಿದ ಮೇಲೆ.”

“ಹಂಗಾರೆ ನೀವು ಓದಿರಾದು ಒಂದು ಕೊಡ್ರಿ.”

ಕೊಟ್ಟೆ. ಅಂದು ಮನೆಗೆ ಹೋಗಿ ಬಹಳ ವರ್ಷಗಳ ಮೇಲೆ ಹೊಟ್ಟೆ ತುಂಬ ಮುದ್ದೆ ಉಂಡೆ. ನನ್ನ ಸುಳ್ಳು ಅವನ ಮಾನ ತೆಗೆದಿರಲಿಲ್ಲ. ಆ ನೆಮ್ಮದಿ ಇಂದಿಗೂ ಇದೆ.

ಆದರೆ ಅವಳಿಗೆ ಹೇಳಿದ ಮಾತನ್ನು ಅವನಿಗೆ ಹೇಳಲಿಲ್ಲ. ಅವಳು ಬರುವುದಕ್ಕೂ ಮೊದಲೇ ಒಮ್ಮೆ ಹಿರಿಯೂರು ನಿಲ್ದಾಣದಲ್ಲಿ ಸಿಕ್ಕಿದ್ದ. “ಬರ್ರಿ ಸಾರ್, ಕುಂತ್ಕಳ್ರಿ” ಎಂದು ಮುಂದಿನ ಸೀಟು ಬಿಡಿಸಿಕೊಟ್ಟ. ಕುಳಿತೆ. ಇಳಿಯುವವರೆಗೆ ಮಳೆ ಬೆಳೆಯ ಮಾತಾಡಿದೆ. ಆಮೇಲೆ ಅವನನ್ನು ಮತ್ತೆ ಕಾಣಲಿಲ್ಲ, ಹುಡುಕಿಕೊಂಡೂ ಹೋಗಲಿಲ್ಲ. ನಾನು ಕ್ಷಮೆ ಕೇಳದೆ ಬಿಟ್ಟವನು ಅವನೇ, ಮಾಡದಕೆರೆ ಬಸ್ಸಿನ ಆ ಕಂಡಕ್ಟರ್.